ಎಲ್ಲಿ ಸಿಗುತ್ತೆ ಬ್ರೋ?

ಭಾಗ 1/4

ಫೋಟೋದಲ್ಲಿ ಜೇಡ ಇಲ್ಲ, ಜೂಮ್ ಮಾಡಿ ಹುಡುಕಬೇಡಿ. ಅದು ಅಮರಾವತಿ ಎಕ್ಸ್‌ಪ್ರೆಸ್ ಕಿಟಕಿ. ನಂದ್ಯಾಲ ದಾಟಿದ ಮೇಲೆ ರಾತ್ರಿ ತೆಗೆದಿದ್ದು. ಹೊರಗೆ ಕತ್ತಲು, ಗಾಜಲ್ಲಿ ನನ್ನದೇ ಮುಖ. ಬೇಕಂತಲೇ ಇದನ್ನ ಹಾಕಿದೀನಿ.

ಹೋದ ವಾರ ಕ್ಲಾಸ್ ಗ್ರೂಪಲ್ಲಿ ಒಂದು ರೀಲ್ ಓಡಾಡ್ತಲ್ಲ? ಯಾರೋ ವಿದೇಶದವನು ಅಂಗೈ ಮೇಲೆ ನವಿಲಿನ ಕತ್ತಿನ ಬಣ್ಣದ ದೊಡ್ಡ ಜೇಡ ಬಿಟ್ಕೊಂಡು ನಗ್ತಿದ್ದ. ಕೆಳಗೆ ನಮ್ಮವರದ್ದೇ ಮಾತು: "ಎಲ್ಲಿ ಸಿಗುತ್ತೆ ಬ್ರೋ", "ರೇಟ್ ಎಷ್ಟು ಮಗಾ". ಒಂದಷ್ಟು ಬೆಂಕಿ ಎಮೋಜಿ. ಅದರಲ್ಲಿ ಒಂದು ನಂದು, ಒಪ್ಕೋತೀನಿ.

ಎಲ್ಲಿ ಸಿಗುತ್ತೆ ಅಂತ ಕೇಳಿದ್ರಲ್ಲ, ಹೇಳ್ತೀನಿ. ಬಳ್ಳಾರಿಯಲ್ಲಿ ಸಂಜೆ ರೈಲು ಹತ್ತಿ ನಿದ್ದೆ ಮಾಡಿದ್ರೆ ಅದರ ಮನೆ ದಾಟಿ ಹೋಗಿರ್ತೀರಿ.

ಭಾಗ 2/4

ಹೆಸರು ಪೊಯೆಸಿಲೊಥೀರಿಯಾ ಮೆಟಾಲಿಕಾ. ಪೆಟ್ ಮಾರೋರ ಬಾಯಲ್ಲಿ 'ಗೂಟಿ ಟರಂಟುಲಾ'. ಗೂಟಿ ಅಂದ್ರೆ ನಮ್ಮ ಗುತ್ತಿ, ಅನಂತಪುರ ಜಿಲ್ಲೆಯ ಗುತ್ತಿ ಕೋಟೆ ಇದೆಯಲ್ಲ, ಅದೇ. ತಮಾಷೆ ಏನಂದ್ರೆ ಈ ಜೇಡ ಗುತ್ತಿಯದ್ದೇ ಅಲ್ಲ! ಅಲ್ಲಿನ ರೈಲ್ವೆ ಮರದ ಡಿಪೋದಲ್ಲಿ ಒಂದೇ ಒಂದು ಹೆಣ್ಣು ಜೇಡ ಸಿಕ್ಕಿತ್ತು. 1899ರಲ್ಲಿ ಪೊಕಾಕ್ ಅನ್ನೋ ಬ್ರಿಟಿಷ್ ವಿಜ್ಞಾನಿ ಅದನ್ನ ವಿವರಿಸಿ ಹೆಸರಿಟ್ಟ. ಎಲ್ಲೋ ಕಾಡಲ್ಲಿ ಮರ ಕಡಿದು ರೈಲಿಗೆ ತುಂಬಿದಾಗ ಒಳಗಿದ್ದ ಇವಳೂ ಬಂದುಬಿಟ್ಟಿರಬೇಕು. ಅಂದ್ರೆ ಹೆಸರಲ್ಲೇ ಮರ ಕಡಿದ ರಸೀದಿ ಅಂಟಿಕೊಂಡಿದೆ.

ಆಮೇಲೆ ನೂರು ವರ್ಷಕ್ಕೂ ಮೇಲೆ ಯಾವ ವಿಜ್ಞಾನಿಗೂ ಮತ್ತೆ ಸಿಗಲಿಲ್ಲ. 2001ರಲ್ಲಿ ಸಿಕ್ಕಿದ್ದು ಗುತ್ತಿಯಿಂದ ಎಷ್ಟೋ ದೂರ, ನಂದ್ಯಾಲ ಮತ್ತು ಗಿದ್ದಲೂರಿನ ಮಧ್ಯದ ಬೆಟ್ಟದ ಕಾಡಲ್ಲಿ. ಪೂರ್ವಘಟ್ಟ. 2008ರಲ್ಲಿ ಐಯುಸಿಎನ್ ಇದನ್ನ 'ತೀವ್ರ ಅಳಿವಿನಂಚು' ಪಟ್ಟಿಗೆ ಹಾಕ್ತು. ಆಗ ಗೊತ್ತಿದ್ದ ಅದರ ಇಡೀ ಜಗತ್ತು 100 ಚದರ ಕಿಲೋಮೀಟರಿಗಿಂತ ಕಮ್ಮಿ. ಬೆಂಗಳೂರು ಒಂದೇ 700 ದಾಟುತ್ತೆ, ಹೋಲಿಸಿ ನೋಡಿ.

ಅಷ್ಟರೊಳಗೂ ಎಲ್ಲೆಂದರಲ್ಲಿ ಇರಲ್ಲ. ವಯಸ್ಸಾದ ಮರ ಬೇಕು, ಮರದಲ್ಲಿ ಪೊಟರೆ ಬೇಕು. ಪೊಟರೆಯೊಳಗೆ ಬಲೆ ಹೆಣೆದು ಹಗಲೆಲ್ಲ ಒಳಗೇ, ರಾತ್ರಿ ಬಾಗಿಲಿಗೆ ಬಂದು ಹುಳ ಹಿಡಿಯೋದು. ಹೆಣ್ಣು ಹನ್ನೊಂದು ಹನ್ನೆರಡು ವರ್ಷ ಬದುಕುತ್ತೆ, ಗಂಡಿಗೆ ಮೂರೋ ನಾಲ್ಕೋ ವರ್ಷ ಅಷ್ಟೆ. ಅಂದ್ರೆ ಒಬ್ಬ ಒಂದು ದೊಡ್ಡ ಹೆಣ್ಣನ್ನ ಡಬ್ಬಿಗೆ ಹಾಕ್ಕೊಂಡು ಹೋದ್ರೆ ಎಷ್ಟು ವರ್ಷದ ಮರಿಗಳು ಹೋದ ಹಾಗೆ, ಲೆಕ್ಕ ಹಾಕಿ. (ಆ ನೀಲಿ ಬಣ್ಣದ್ರವ್ಯ ಅಲ್ಲವಂತೆ. ಕೂದಲಿನೊಳಗಿನ ಅತಿ ಸೂಕ್ಷ್ಮ ರಚನೆಯಲ್ಲಿ ಬೆಳಕು ಚೆದುರಿ ಹಾಗೆ ಕಾಣುತ್ತೆ. ಇದನ್ನ ಓದಿ ನಾನು ಐದು ನಿಮಿಷ ಸುಮ್ಮನೆ ಕೂತಿದ್ದೆ.)

ಭಾಗ 3/4

ಈಗ ಸ್ಟೋರಿಗೆ ಬಂದ ರಿಪ್ಲೈಗಳ ಕಡೆ ಬರೋಣ. "ಗುರು, ಅದನ್ನ ಹೊರದೇಶದಲ್ಲಿ ಮನೆಮನೆಯಲ್ಲಿ ಮರಿ ಮಾಡಿಸ್ತಾರೆ. ಇನ್ನೇನು ಅಳಿಯುತ್ತೆ? ಸಾಕೋದೂ ಸಂರಕ್ಷಣೆನೇ."

ಮರಿ ಮಾಡಿಸ್ತಾರೆ, ನಿಜ. ಅದರಿಂದ ಕಾಡಿಂದ ಹಿಡಿಯೋದು ಸ್ವಲ್ಪ ಕಮ್ಮಿ ಆಗಬಹುದು ಅನ್ನೋದನ್ನೂ ಒಪ್ತೀನಿ. ಆದರೆ ಯೂರೋಪಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾವಿರ ಮರಿ ಹುಟ್ಟಿದ್ರೆ ನಂದ್ಯಾಲದ ಕಾಡಲ್ಲಿ ಒಂದು ಹಳೇ ಮರ ಜಾಸ್ತಿ ಆಗುತ್ತಾ? ನಾವು ಬಿಕಾಂನವರು ಕಣ್ರೋ, ಬೇರೆಯವರ ಸ್ಟಾಕನ್ನ ನಮ್ಮ ಬ್ಯಾಲೆನ್ಸ್ ಶೀಟಲ್ಲಿ ತೋರಿಸಿದ್ರೆ ಲೆಕ್ಚರರ್ ಏನಂತಾರೆ? ಡಬ್ಬಿಯೊಳಗಿನ ಜೇಡ ಕಾಡಿನ ಖಾತೆಗೆ ಜಮಾ ಆಗಲ್ಲ. ಇನ್ನೊಂದು ಪ್ರಶ್ನೆ: ಆ ಮರಿಗಳ ಮೊದಲ ಅಜ್ಜಿ ಯಾರನ್ನ ಕೇಳಿ ವಿಮಾನ ಹತ್ತಿದಳು?

ಈ ಕುಲದ ಎಲ್ಲಾ ಜೇಡಗಳೂ ಇರೋದು ಭಾರತ ಮತ್ತು ಶ್ರೀಲಂಕಾದಲ್ಲಿ ಮಾತ್ರ. ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಇಡೀ ಕುಲ ಸೇರಿದ್ದು 2019ರಲ್ಲಿ. ಆಮೇಲೂ ವ್ಯಾಪಾರ ಪೂರ್ತಿ ಬಂದ್ ಆಗಿಲ್ಲ, ಪರ್ಮಿಟ್ ಬೇಕು ಅಷ್ಟೆ. ಡಬ್ಬಿಯೊಳಗೆ ಕೂತ ಜೇಡ ಕಾಡಲ್ಲಿ ಹುಟ್ಟಿದ್ದೋ ಮನೆಯಲ್ಲೋ, ನೋಡಿದ ತಕ್ಷಣ ಹೇಳೋಕಾಗುತ್ತಾ?

ಭಾಗ 4/4

ಕಾಡಿನ ಪಕ್ಕದ ಊರಿನವರು ಸೌದೆಗೆ ಮರ ಕಡೀತಾರೆ, ಅವರದ್ದೇ ತಪ್ಪು ಅಂತ ಬರೆದವರಿಗೆ: ಸೌದೆಯಿಂದ ಕಾಡು ಹಾಳಾಗ್ತಿರೋದು ನಿಜವೇ. ಆದರೆ ಒಲೆ ಹೊತ್ತಿಸೋಕೆ ಒಣಮರ ತರೋ ಹೆಂಗಸನ್ನೂ, ಲೈಕಿಗೋಸ್ಕರ ಜೇಡ ಬೇಕು ಅನ್ನೋ ನಮ್ಮನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮರದ ವ್ಯಾಪಾರಿಗೆ ಪೊಟರೆ ಬಿದ್ದ ಮರ ಅಂದ್ರೆ ಸ್ಕ್ರ್ಯಾಪ್. ಜೇಡಕ್ಕೆ ಅದೊಂದೇ ಆಸ್ತಿ. ಉಳಿಸೋ ಮಾತು ಶುರುವಾಗಬೇಕಾದ್ದು ಅಲ್ಲಿಂದ. ಯಾರೂ ಮುದಿಮರದ ರೀಲ್ ಮಾಡಲ್ಲ.

"ನೀನೇ ಜಾಗ ಹೇಳ್ತಿದೀಯಲ್ಲ" ಅಂತೀರಾ? ನಂದ್ಯಾಲ-ಗಿದ್ದಲೂರು ಅನ್ನೋದು ಎಷ್ಟೋ ವರ್ಷದಿಂದ ಎಲ್ಲ ಕಡೆ ಅಚ್ಚಾಗಿದೆ. ಅಪಾಯ ಇರೋದು ಒಂದು ಮರದ ಮೇಲೆ ಪಿನ್ ಹಾಕೋದ್ರಲ್ಲಿ. ಅದನ್ನ ನಾನೇ ಮಾಡಿದೀನಿ.

ಎರಡು ವರ್ಷದ ಹಿಂದೆ ಮಾವನ ಊರಲ್ಲಿ, ಬೆಟ್ಟದ ಕೆಳಗಿನ ಹುಣಸೆ ಮರದ ಪೊಟರೆಯಲ್ಲಿ ಬೂದು ಬಣ್ಣದ ದೊಡ್ಡ ಜೇಡ ಕಂಡಿತ್ತು. ಇದೇ ಬಳಗದ್ದು ಅನ್ಸುತ್ತೆ. ಲೊಕೇಶನ್ ಸಮೇತ ಪೋಸ್ಟ್ ಮಾಡಿದೆ. ಗುರುತಿಲ್ಲದ ಅಕೌಂಟಿಂದ ಡಿಎಂ ಬಂತು: ರಸ್ತೆಯಿಂದ ಎಷ್ಟನೇ ಮರ, ಪೊಟರೆ ಎಷ್ಟು ಎತ್ತರದಲ್ಲಿದೆ. ಯಾರೋ ಆಸಕ್ತಿ ಇರೋರು ಅಂತ ಖುಷಿಯಿಂದ ಎಲ್ಲಾ ಹೇಳಿದೆ. ದಸರಾ ರಜೆಗೆ ಹೋದಾಗ ಮರ ಹಾಗೇ ಇತ್ತು, ಪೊಟರೆ ಬಾಯನ್ನ ಮಚ್ಚಲ್ಲಿ ಕೊಚ್ಚಿ ಅಗಲ ಮಾಡಿದ್ರು. ಜೇನಿಗೆ ಬಂದೋರು ಕೊಚ್ಚಿರಬೋದು ಅಂದ ಮಾವ. ಇರಬೋದು. ಆ ಅಕೌಂಟ್ ಮಾತ್ರ ಈಗ ಇಲ್ಲ.

ಹಳೇ ಪೋಸ್ಟಲ್ಲಿ ಹಾವು, ಗೂಬೆ, ಜೇಡ ಯಾವುದಿದ್ರೂ ಲೊಕೇಶನ್ ತೆಗೀರಿ, ಇವತ್ತೇ. ಆ ರೀಲಿಗೆ ಹಾಕಿದ್ದ ಬೆಂಕಿ ಎಮೋಜಿನ ನಾನು ತೆಗ್ದೆ. ಮಾವನ ಊರು ಯಾವುದು ಅಂತ ಕಾಮೆಂಟಲ್ಲಿ ಕೇಳಬೇಡಿ, ಹೇಳಲ್ಲ.