ಹಿಂಗಾಲು ಎಳೆಯುವ ನಾಯಿಗೆ ಬರೆ ಬೇಡ, ವಿಶ್ರಾಂತಿ ಕೊಡಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳಲ್ಲಿ ಕುರಿ ಇದ್ದಲ್ಲಿ ನಾಯಿ ಇದೆ. ಶೇಂಗಾ, ಮೆಕ್ಕೆಜೋಳದ ಹೊಲಕ್ಕೆ ರಾತ್ರಿ ಹಂದಿ ನುಗ್ಗಿದರೆ ಮೊದಲು ಎದ್ದು ಓಡುವುದು ಅದೇ. ಗುಡೇಕೋಟೆ ಕಡೆಯವರಿಗಂತೂ ಕರಡಿ, ಚಿರತೆಯ ಸುಳಿವು ಕೊಡುವುದೂ ಅದೇ. ಹೀಗೆ ಎಂಟು ಹತ್ತು ವರ್ಷ ದುಡಿದ ನಾಯಿ ಒಂದು ದಿನ ಹಿಂಗಾಲು ಎಳೆಯತೊಡಗಿದರೆ ನಾವು ಮಾಡುವುದೇನು? ಕುಡುಗೋಲು ಕಾಯಿಸಿ ಸೊಂಟಕ್ಕೆ ಬರೆ ಹಾಕುತ್ತೇವೆ. ಗುಣವಾಗದಿದ್ದರೆ ‘ಮುದಿಯಾಯಿತು’ ಎಂದು ಹೆದ್ದಾರಿಯ ಬದಿಗೆ ಬಿಟ್ಟು ಬರುತ್ತೇವೆ. ಎರಡೂ ತಪ್ಪು. ನಾನು ಬೆಳೆಯ ವಿಷಯ ಓದಿದವನು, ಪಶುವೈದ್ಯನಲ್ಲ. ಆದರೂ ಕೆಲಸದ ಮೇಲೆ ಕುರಿಹಟ್ಟಿಗಳಿಗೆ ಹೋದಾಗ ಇದನ್ನು ಮತ್ತೆ ಮತ್ತೆ ಕಂಡಿದ್ದರಿಂದಲೂ, ಪಶುವೈದ್ಯ ಮಿತ್ರರನ್ನು ಕೇಳಿ ತಿಳಿದುಕೊಂಡಿದ್ದರಿಂದಲೂ ಬರೆಯುತ್ತಿದ್ದೇನೆ.

ನಾಯಿಯ ಬೆನ್ನು ಮಣಿಗಳನ್ನು ಪೋಣಿಸಿದ ಸರದಂತೆ ಇದೆ. ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 13, ಸೊಂಟದಲ್ಲಿ 7 ಮಣಿಗಳು. ಮಣಿ ಮಣಿಗಳ ನಡುವೆ ಮೆತ್ತೆಯಂಥ ಒಂದು ಬಿಲ್ಲೆ ಇರುತ್ತದೆ. ಅದನ್ನೇ ವೈದ್ಯರು ಡಿಸ್ಕ್ ಎನ್ನುವುದು. ಅದರ ಹೊರಗೆ ನಾರಿನ ಬಳೆ, ಒಳಗೆ ಗಂಜಿಯಂಥ ತಿರುಳು. ವಯಸ್ಸಾದಂತೆ ತಿರುಳು ಒಣಗುತ್ತದೆ, ನಾರು ಸಡಿಲವಾಗುತ್ತದೆ, ಬಿಲ್ಲೆ ಮೇಲಕ್ಕೆ ಉಬ್ಬುತ್ತದೆ. ಅದರ ಮೇಲೆಯೇ ಮಿದುಳಿನಿಂದ ಕಾಲುಗಳಿಗೆ ಹೋಗುವ ನರದ ಹುರಿ ಇದೆ. ಹುರಿ ಒತ್ತಿದರೆ ನೋವು, ಹೆಚ್ಚು ಒತ್ತಿದರೆ ಕಾಲಿನ ಸ್ವಾಧೀನವೇ ಹೋಗುತ್ತದೆ.

ಇದರಲ್ಲಿ ಎರಡು ಬಗೆ. ನಮ್ಮ ಊರ ನಾಯಿ, ಮುಧೋಳ ತಳಿಯಂಥ ಎತ್ತರದ ನಾಯಿಗಳಿಗೆ ವಯಸ್ಸಾದ ಮೇಲೆ ಸಾಮಾನ್ಯವಾಗಿ ಬರುವುದು ವಾರ ತಿಂಗಳುಗಟ್ಟಲೆ ನಿಧಾನವಾಗಿ ಬಿಗಿಯುವ ಬಗೆ. ಉದ್ದ ಮೈ, ಗಿಡ್ಡ ಕಾಲಿನ ಡ್ಯಾಷ್‌ಹುಂಡ್‌ನಂಥ ತಳಿಗಳಿಗೆ ಮೂರರಿಂದ ಆರು ವರ್ಷದೊಳಗೇ ತಿರುಳು ಒಮ್ಮೆಲೇ ಒಡೆದು ಹೊರಬಂದು, ಬೆಳಿಗ್ಗೆ ಓಡಾಡಿದ ನಾಯಿ ಸಂಜೆಗೆ ಮಲಗಿಬಿಡುತ್ತದೆ. ಬೆಂಗಳೂರಿನಲ್ಲಿರುವ ಮಕ್ಕಳು ಇಂಥ ನಾಯಿಗಳನ್ನು ತಂದು ಊರಲ್ಲಿ ಬಿಟ್ಟು ಹೋಗುವುದು ಈಗ ರೂಢಿಯಾಗಿದೆ. ಸಾಕುವ ಕಷ್ಟ ಮಾತ್ರ ಅಜ್ಜ ಅಜ್ಜಿಯರದು!

ಗುರುತು ಹಿಡಿಯುವುದು ಕಷ್ಟವಲ್ಲ, ನೋಡುವ ಕಣ್ಣು ಬೇಕು. ಹಾರಿ ಬಂಡಿ ಏರುತ್ತಿದ್ದ ನಾಯಿ ಬಂಡಿಯ ಕೆಳಗೆ ನಿಂತು ನಿಮ್ಮ ಮುಖ ನೋಡುತ್ತದೆ. ಬೆನ್ನು ಗೂನು ಮಾಡಿ ನಡೆಯುತ್ತದೆ. ಎತ್ತಲು ಹೋದರೆ ಕುಂಯ್ ಎನ್ನುತ್ತದೆ. ಕುತ್ತಿಗೆಯ ಬಿಲ್ಲೆಯಾದರೆ ತಲೆ ತಗ್ಗಿಸಿಕೊಂಡೇ ಇರುತ್ತದೆ, ನೆಲದ ಮೇಲಿನ ತಟ್ಟೆಗೆ ಬಾಯಿ ಹಾಕಲಾರದು. ಅದನ್ನು ಹಸಿವಿಲ್ಲ ಎಂದುಕೊಳ್ಳುತ್ತೇವೆ. ಹಿಂಗಾಲಿನ ಉಗುರುಗಳ ಮೇಲ್ಭಾಗ ಸವೆದಿದ್ದರೆ ಕಾಲು ನೆಲಕ್ಕೆ ಎಳೆಯುತ್ತಿದೆ ಎಂದೇ ಅರ್ಥ. ನಾಯಿಯನ್ನು ನಿಲ್ಲಿಸಿ, ಹಿಂಗಾಲಿನ ಪಂಜವನ್ನು ಮಗುಚಿ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಸರಿಯಿದ್ದ ನಾಯಿ ತಕ್ಷಣ ತಿರುಗಿಸಿಕೊಳ್ಳುತ್ತದೆ, ನರ ಒತ್ತಿದ ನಾಯಿ ಹಾಗೆಯೇ ನಿಂತಿರುತ್ತದೆ. ಬರೀ ಕೀಲುನೋವಿನ ಮುದಿ ನಾಯಿ ಬೆಳಿಗ್ಗೆ ಬಿಗಿದುಕೊಂಡಿದ್ದರೂ ಓಡಾಡಿದಂತೆ ಸಡಿಲವಾಗುತ್ತದೆ, ಪಂಜವನ್ನೂ ತಿರುಗಿಸಿಕೊಳ್ಳುತ್ತದೆ.

ಆದರೆ ಮುಟ್ಟುವ ಮೊದಲು ಒಂದು ಮಾತು. ಹಿಂಗಾಲು ಬಿದ್ದದ್ದೆಲ್ಲ ಬೆನ್ನಿನ ರೋಗವಲ್ಲ. ಹುಚ್ಚು ರೋಗದಲ್ಲಿ ಕಚ್ಚಿಕೊಂಡು ಓಡಾಡುವ ಬಗೆಯಂತೆಯೇ ಮಂಕಾಗಿ ಬೀಳುವ ಬಗೆಯೂ ಇದೆ. ದವಡೆ ಜೋತು ಬೀಳುವುದು, ಜೊಲ್ಲು ಸುರಿಯುವುದು, ಬೊಗಳುವ ದನಿ ಬದಲಾಗುವುದು, ನೀರು ನುಂಗಲಾಗದಿರುವುದು, ದಿನದಿಂದ ದಿನಕ್ಕೆ ಸೋಲು ಮುಂದಕ್ಕೆ ಏರುವುದು ಇದ್ದರೆ ಹತ್ತಿರ ಹೋಗಬೇಡಿ. ‘ಗಂಟಲಲ್ಲಿ ಎಲುಬು ಸಿಕ್ಕಿದೆ’ ಎಂದು ಬಾಯಿಗೆ ಕೈ ಹಾಕುವುದು ಸಾವನ್ನು ಕರೆದಂತೆ. ಜೊಲ್ಲು ತಾಗಿದ್ದರೆ, ಕಚ್ಚಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಇನ್ನು ಉಣ್ಣೆ ಮುತ್ತಿ ಜ್ವರ ಬಂದ ನಾಯಿಯೂ ಏಳಲಾರದೆ ಬೀಳುತ್ತದೆ, ಒಸಡು ಬಿಳಿಚಿಕೊಂಡಿರುತ್ತದೆ. ಇದನ್ನೆಲ್ಲ ಬೇರ್ಪಡಿಸಿ ಹೇಳುವುದು ವೈದ್ಯರ ಕೆಲಸ.

ಈಗ ಬರೆಯ ವಿಷಯ. ‘ಬರೆ ಹಾಕಿದ ಮೇಲೆ ನಮ್ಮ ನಾಯಿ ಎದ್ದಿತು’ ಎನ್ನುವವರು ನಿಮ್ಮ ಕಟ್ಟೆಯ ಮೇಲೂ ಇರುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಬರೆ ಹಾಕಿಸಿಕೊಂಡ ನಾಯಿ ನೋವಿಗೆ ಎರಡು ಮೂರು ವಾರ ಮೂಲೆಯಲ್ಲಿ ಬಿದ್ದಿರುತ್ತದೆ. ಆ ವಿಶ್ರಾಂತಿಯಲ್ಲಿ ಬಿಲ್ಲೆಯ ಬಾವು ಇಳಿದು ನಾಯಿ ಏಳುತ್ತದೆ. ಗುಣ ಮಾಡಿದ್ದು ವಿಶ್ರಾಂತಿ, ಹೆಸರು ಬಂದದ್ದು ಕುಡುಗೋಲಿಗೆ. ಬೆಂಕಿ ಚರ್ಮ ಸುಡುತ್ತದೆಯೇ ಹೊರತು ಒಳಗಿನ ಬಿಲ್ಲೆಯನ್ನು ಮುಟ್ಟುವುದಿಲ್ಲ. ಸೊಂಟದ ಮೇಲಿನ ಆ ಗಾಯ ನಾಯಿಯ ನಾಲಿಗೆಗೂ ಎಟುಕದೆ ಹುಳು ಬಿದ್ದು ಪ್ರಾಣಕ್ಕೆ ಬಂದದ್ದನ್ನು ನೀವೇ ನೋಡಿರುತ್ತೀರಿ.

ಮನುಷ್ಯರ ಗುಳಿಗೆ ಇದಕ್ಕಿಂತ ಮೋಸ. ಅಂಗಡಿಯಿಂದ ತಂದ ಡೈಕ್ಲೋಫಿನಾಕ್, ಐಬುಪ್ರೊಫೇನ್ ನಾಯಿಯ ಕರುಳಲ್ಲಿ ಹುಣ್ಣೆಬ್ಬಿಸಿ ರಕ್ತ ಸುರಿಸುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಯಕೃತ್ತಿಗೆ ಹಾನಿ. (ರಣಹದ್ದುಗಳು ಸಾಯುತ್ತವೆಂದು ಜಾನುವಾರುಗಳಿಗೆ ಡೈಕ್ಲೋಫಿನಾಕ್ ಬಳಸುವುದನ್ನು ಸರ್ಕಾರ 2006ರಲ್ಲೇ ನಿಲ್ಲಿಸಿದೆ.) ವೈದ್ಯರು ನಾಯಿಯನ್ನು ತೂಗಿ ನೋಡಿ ಕೊಡುವ ಔಷಧಿಯೇ ಬೇರೆ. ನೀವು ಮೊದಲೇ ಏನಾದರೂ ಕೊಟ್ಟಿದ್ದರೆ ನಾಚದೆ ಹೇಳಿ. ನೋವಿನ ಮದ್ದಿನ ಜೊತೆಗೆ ಸ್ಟೀರಾಯ್ಡ್ ಸೂಜಿ ಸೇರಿದರೆ ಹೊಟ್ಟೆಯ ಹುಣ್ಣು ಖಂಡಿತ ಹೆಚ್ಚುತ್ತದೆ.

ಆಸ್ಪತ್ರೆಗೆ ಒಯ್ಯುವಾಗ ಮುಂಗಾಲು ಹಿಂಗಾಲು ಹಿಡಿದು ತೂಗಾಡಿಸಬೇಡಿ. ಹಳೆಯ ಹಲಗೆ ಅಥವಾ ಹೊರಸಿನ ಮೇಲೆ ಮಲಗಿಸಿ ಒಯ್ಯಿರಿ. ನೋವಿದ್ದ ನಾಯಿ ಒಡೆಯನನ್ನೂ ಕಚ್ಚುತ್ತದೆ, ಆದ್ದರಿಂದ ಮೆತ್ತನೆಯ ಬಟ್ಟೆಯಿಂದ ಮೂತಿ ಕಟ್ಟಿ. ವಾಂತಿ, ಉಸಿರಾಟದ ತೊಂದರೆ ಇದ್ದರೆ ಮಾತ್ರ ಕಟ್ಟಬಾರದು. 1962 ಸಂಖ್ಯೆಗೆ ಕರೆ ಮಾಡಿದರೆ ಪಶು ಚಿಕಿತ್ಸಾ ವಾಹನದ ಬಗ್ಗೆ ತಿಳಿಯುತ್ತದೆ.

ಅಲ್ಲಿ ವೈದ್ಯರು ಕಾಲ್ಬೆರಳನ್ನು ಗಟ್ಟಿಯಾಗಿ ಚಿವುಟಿ ನೋಡುತ್ತಾರೆ. ನಾಯಿ ಕಾಲು ಸೆಳೆದುಕೊಂಡರೆ ಸಾಲದು, ಅದು ಬೆನ್ನುಹುರಿಯ ತಾನೇತಾನಾದ ಚಲನೆ. ತಿರುಗಿ ನೋಡಬೇಕು, ಕೂಗಬೇಕು. ಹಾಗೆ ಮಾಡಿದರೆ ನೋವಿನ ಅರಿವು ಮಿದುಳಿಗೆ ಮುಟ್ಟುತ್ತಿದೆ, ವಿಶ್ರಾಂತಿ ಮತ್ತು ಔಷಧಿಯಿಂದ ಬಹಳಷ್ಟು ನಾಯಿಗಳು ಮತ್ತೆ ನಡೆಯುತ್ತವೆ. ಅರಿವೇ ಇಲ್ಲದಿದ್ದರೆ ಕಾಲ ಕಳೆಯುವಂತಿಲ್ಲ. ಒಮ್ಮೆಲೇ ಬಿದ್ದ ನಾಯಿಗೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆದರೆ ಸುಮಾರು ಅರ್ಧದಷ್ಟು ಏಳುತ್ತವೆ, ತಡವಾದಷ್ಟು ಆಸೆ ಕಡಿಮೆ. ಅದಕ್ಕೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಕಡೆಗೇ ಹೋಗಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಅದು ಆಗದ ಮಾತು ಎಂದು ನನಗೂ ಗೊತ್ತು. ಆದ್ದರಿಂದಲೇ ಕಾಲು ಪೂರ್ತಿ ಬೀಳುವ ಮೊದಲು, ಬೆನ್ನು ಗೂನಾದ ಮೊದಲ ವಾರದಲ್ಲೇ ನೋಡಿ ಎನ್ನುತ್ತೇನೆ.

ವಿಶ್ರಾಂತಿ ಎಂದರೆ ಏನು? ಸರಪಳಿಯಲ್ಲಿ ಕಟ್ಟುವುದಲ್ಲ. ಕಟ್ಟಿದ ನಾಯಿ ಜಗ್ಗುತ್ತದೆ, ಹಾರುತ್ತದೆ. ಕುರಿಮರಿ ಕೂಡುವಂಥ ಚಿಕ್ಕ ಗೂಡು ಮಾಡಿ, ಎದ್ದು ತಿರುಗಿ ಮಲಗುವಷ್ಟು ಮಾತ್ರ ಜಾಗ ಕೊಟ್ಟು ನಾಲ್ಕರಿಂದ ಆರು ವಾರ ಇಡಬೇಕು. ಮಲ ಮೂತ್ರಕ್ಕೆ ಮಾತ್ರ ಹೊರಗೆ, ಅದೂ ಹೊಟ್ಟೆಯ ಕೆಳಗೆ ಪಂಚೆ ಕೊಟ್ಟು ಹಿಂಭಾಗ ಎತ್ತಿ ಹಿಡಿದು. ಕೊರಳಪಟ್ಟಿ ಬಿಚ್ಚಿ, ಎದೆಗೆ ಪಟ್ಟಿ ಹಾಕಿ. ಮದ್ದು ತಾಗಿ ನೋವು ಇಳಿದ ನಾಲ್ಕನೆಯ ದಿನವೇ ನಾಯಿ ಓಡಲು ಹವಣಿಸುತ್ತದೆ, ನಾವೂ ಬಿಟ್ಟುಬಿಡುತ್ತೇವೆ. ಹೆಚ್ಚಿನ ನಾಯಿಗಳು ಕೆಡುವುದು ಇಲ್ಲಿಯೇ.

ಗೋಣಿಚೀಲದಲ್ಲಿ ಒಣಹುಲ್ಲು ತುಂಬಿ ದಪ್ಪ ಹಾಸಿಗೆ ಮಾಡಿ. ಏಳಲಾರದ ನಾಯಿಯನ್ನು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲವಾದರೆ ಚಪ್ಪೆ ಎಲುಬಿನ ಮೇಲೆ ಹುಣ್ಣಾಗುತ್ತದೆ. ಮೂತ್ರ ತೊಟ್ಟಿಕ್ಕುತ್ತಿದ್ದರೆ ‘ಹೋಗುತ್ತಿದೆ’ ಎಂದು ಸುಮ್ಮನಿರಬೇಡಿ. ಚೀಲ ತುಂಬಿ ಉಕ್ಕುತ್ತಿರಬಹುದು. ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆ ಒತ್ತಿ ಖಾಲಿ ಮಾಡುವ ರೀತಿಯನ್ನು ವೈದ್ಯರ ಎದುರಿಗೇ ಕಲಿಯಿರಿ. ಮಲಗಿದ ನಾಯಿಗೆ ರೊಟ್ಟಿ, ಮುದ್ದೆ ಕಡಿಮೆ ಮಾಡಿ. ಮೈ ಬಂದಷ್ಟೂ ಬೆನ್ನಿಗೆ ಭಾರ.

‘ಮುದಿ ನಾಯಿಗೆ ಇಷ್ಟೆಲ್ಲ ಏಕೆ?’ ಎಂದು ಕೇಳುವವರಿದ್ದಾರೆ. ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯಗಳು ನಾಯಿಯಂತೆ ಬೊಗಳಿ ದೋಣಿ ಸೇವೆ ಮಾಡುತ್ತಾರೆ. ನಾಯಿಗೆ ಅಷ್ಟು ಮಾನ ಕೊಟ್ಟ ಜನ ನಾವು. ಅದಿರಲಿ, ಲೆಕ್ಕಕ್ಕೇ ಬನ್ನಿ. ಕುರಿ ಸತ್ತರೆ ‘ಅನುಗ್ರಹ’ ಯೋಜನೆಯಲ್ಲಿ ಪರಿಹಾರ ಉಂಟು, ಆ ಕುರಿಯನ್ನು ಕಾದ ನಾಯಿಗೆ ಇಲ್ಲ. ಪರಿಹಾರ ಬೇಡ, ಕುರಿಗಳಿಗೆ ಪಿಪಿಆರ್ ಲಸಿಕೆ ಹಾಕಲು ಹಟ್ಟಿಗೆ ಬರುವ ತಂಡ ಅಲ್ಲಿರುವ ನಾಯಿಗೂ ಹುಚ್ಚಿನ ಲಸಿಕೆ ಹಾಕಿ ಬೆನ್ನು, ಕಾಲು ನೋಡಿ ಹೋಗಲಿ. ಇದನ್ನು ನಿಮ್ಮ ಗ್ರಾಮಸಭೆಯಲ್ಲಿ ಕೇಳಿ ಬರೆಸಿ.

ವಾರಗಟ್ಟಲೆ ನೋಡಿಕೊಂಡರೂ ನೋವು ತಗ್ಗದೆ, ಹುಣ್ಣು ಮಾಯದೆ ನರಳುವ ನಾಯಿ ಇದ್ದರೆ ನೋವಿಲ್ಲದೆ ಕೊನೆಗಾಣಿಸುವ ಸೂಜಿಯ ಬಗ್ಗೆ ವೈದ್ಯರನ್ನು ಕೇಳಿ. ಹೆದ್ದಾರಿಗೆ ಬಿಡುವುದಕ್ಕಿಂತ, ವಿಷದ ಮುದ್ದೆಗಿಂತ ಅದು ಮೇಲು.

ಎದ್ದು ನಡೆದ ನಾಯಿಯನ್ನು ಮತ್ತೆ ಹಂದಿ ಅಟ್ಟಲು ಕಳಿಸಬೇಡಿ, ಬಂಡಿಗೆ ಹಾರಿಸಬೇಡಿ. ರೊಪ್ಪದ ಬಾಗಿಲಲ್ಲಿ ಕೂಡಿಸಿ, ಕೂತಲ್ಲಿಂದಲೇ ಬೊಗಳಲಿ. ಅದು ಇರುವಾಗಲೇ ಒಂದು ಮರಿ ತಂದು ಪಕ್ಕದಲ್ಲಿ ಬಿಟ್ಟರೆ ಯಾವ ಸದ್ದಿಗೆ ಬೊಗಳಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂಬುದನ್ನು ಹಳೆಯದೇ ಕಲಿಸುತ್ತದೆ.