ಏಳಲೊಲ್ಲದ ಗಣಕಯಂತ್ರ

ಮೊಳಕಾಲ್ಮೂರಿನಲ್ಲಿ ಜಕಾರ್ಡ್ ಮಗ್ಗವನ್ನು ಕಂಡಿರುವ ವಾಚಕರಿಗೆ ಈ ವಿಷಯವು ಸುಲಭವಾಗಿ ವೇದ್ಯವಾದೀತು. ರಂಧ್ರಗಳುಳ್ಳ ರಟ್ಟಿನ ಮಾಲೆಯನ್ನು ಬದಲಿಸಿದರೆ ಅದೇ ಮಗ್ಗವು ಬೇರೊಂದು ಅಂಚನ್ನು ನೇಯುವುದಷ್ಟೆ. ಗಣಕಯಂತ್ರವೂ ವಿದ್ಯುತ್ತು ಹರಿದೊಡನೆ ತನ್ನನ್ನು ನಡೆಸತಕ್ಕ ತಂತ್ರಾಂಶವು ಎಲ್ಲಿರುವುದೆಂದು ಅರಸುತ್ತದೆ. ಒಳಗಿನ ಡಿಸ್ಕಿನಲ್ಲಿ ಅದು ಕೆಟ್ಟಿದ್ದರೆ ಯಂತ್ರವು ಏಳದು. ಆಂಗ್ಲರು ಈ ಏಳುವಿಕೆಯನ್ನು ‘ಬೂಟ್’ ಎನ್ನುವರು; ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಎತ್ತಿಕೊಳ್ಳುವುದೆಂಬ ನುಡಿಗಟ್ಟಿನಿಂದ ಬಂದ ಮಾತದು. ನಮ್ಮ ‘ಪ್ರಬೋಧ’ವೇ ನನಗೆ ಹಿತ.

ಇಂತಹ ಯಂತ್ರವನ್ನು ಚಳ್ಳಕೆರೆಯವರೆಗೆ ಹೊತ್ತೊಯ್ದರೂ, ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬೋಣವೆನ್ನುವವರು ಸಿಕ್ಕಾರು. ಒಳಗೆ ಸೀರೆಯ ವಿನ್ಯಾಸಗಳೋ ಗತಿಸಿದ ತಾಯಿಯ ಭಾವಚಿತ್ರಗಳೋ ಇದ್ದರೆ ಗತಿಯೇನು? ಮೊದಲು ಅವನ್ನು ಹೊರತೆಗೆಯಬೇಕು.

ಸುಸ್ಥಿತಿಯಲ್ಲಿರುವ ಇನ್ನೊಂದು ಗಣಕದಲ್ಲಿ, 8 ಜಿಬಿಯ ಪೆನ್‌ಡ್ರೈವಿನ ಮೇಲೆ, ಉಚಿತವಾಗಿ ದೊರೆಯುವ ಉಬುಂಟುವಿನ ಪ್ರತಿಕೃತಿಯನ್ನು ‘ರೂಫಸ್’ನಂತಹ ಸಾಧನದಿಂದ ಬರೆಯಿಸತಕ್ಕದ್ದು. ಕಡತವನ್ನು ಬರಿದೆ ನಕಲು ಮಾಡಿದರೆ ಸಾಲದು. ಪೆನ್‌ಡ್ರೈವಿನಲ್ಲಿ ಮೊದಲಿದ್ದುದೆಲ್ಲವೂ ಅಳಿದುಹೋಗುವುದೆಂಬುದು ನೆನಪಿರಲಿ. ಅದನ್ನು ಕೆಟ್ಟ ಯಂತ್ರಕ್ಕೆ ಸಿಕ್ಕಿಸಿ, ಗುಂಡಿಯೊತ್ತಿದ ಕೂಡಲೆ ಎಫ್12 ಅಥವಾ ಎಸ್ಕೇಪ್ ಕೀಲಿಯನ್ನು ತಟ್ಟಿದರೆ (ತಯಾರಕರನ್ನನುಸರಿಸಿ ಕೀಲಿಯು ಬೇರೆಯಾಗಬಹುದು) ಸಾಧನಗಳ ಪಟ್ಟಿಯು ಕಾಣುವುದು, ಯುಎಸ್‌ಬಿಯನ್ನು ಆರಿಸಿರಿ. ಮುಂದೆ, ಸ್ಥಾಪಿಸದೆಯೆ ಪರೀಕ್ಷಿಸುವ ಮಾರ್ಗವನ್ನೇ ಹಿಡಿಯಬೇಕು. ‘ಇನ್‌ಸ್ಟಾಲ್’ ಎಂಬುದನ್ನು ಮುಟ್ಟಲಾಗದು. ಬಳಿಕ ಒಳಡಿಸ್ಕನ್ನು ತೆರೆದು, ಬೇಕಾದುದನ್ನು ಮತ್ತೊಂದು ಹೊರಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಬಿಟ್‌ಲಾಕರಿನ ಬೀಗವಿದ್ದರೆ ಅದರ ಸಂಖ್ಯಾಕೀಲಿಯು ಬೇಕು.

ಡಿಸ್ಕು ಟಕಟಕನೆ ಸದ್ದು ಮಾಡುತ್ತಿದ್ದರೆ ಮಾತ್ರ ಇದಾವುದಕ್ಕೂ ತೊಡಗದೆ, ಯಂತ್ರವನ್ನು ಆರಿಸಿ, ದತ್ತಾಂಶವನ್ನು ಉಳಿಸಬಲ್ಲ ತಜ್ಞರ ಕೈಗೆ ಒಪ್ಪಿಸಬೇಕು.