ಕಡತದಲ್ಲಿ ಬರೆಯಲಾಗದ ನಿರ್ಧಾರ

‘ಆ ಅಡ್ಮಿರಲ್ ಜಾಗದಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ ಅಪ್ಪಾ?’ ಎಂದು ಮಗ ಕೇಳಿದ ಪ್ರಶ್ನೆಗೆ ಆ ರಾತ್ರಿ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ನಾವು ನೋಡುತ್ತಿದ್ದುದು ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಎಂಬ ಅಮೆರಿಕದ ವೈಜ್ಞಾನಿಕ ಕಥಾ ಧಾರಾವಾಹಿ. ಇದೇ ಹೆಸರಿನ 1978ರ ಧಾರಾವಾಹಿಯೊಂದನ್ನು ಆಧರಿಸಿ ರೊನಾಲ್ಡ್ ಮೂರ್ ಹೊಸದಾಗಿ ರೂಪಿಸಿದ ಇದು 2003ರ ಡಿಸೆಂಬರ್‌ನಲ್ಲಿ ಕಿರುಸರಣಿಯಾಗಿ ಆರಂಭಗೊಂಡು 2009ರ ಮಾರ್ಚ್‌ನಲ್ಲಿ ಮುಗಿಯಿತು. ಬಾಹ್ಯಾಕಾಶ ನೌಕೆಗಳ ಕಾದಾಟದಲ್ಲಿ ನನ್ನ ವಯಸ್ಸಿನವನಿಗೆ ಆಸಕ್ತಿ ಹುಟ್ಟುವುದು ಕಷ್ಟ. ಆದರೆ ಇಲ್ಲಿನ ಪಾತ್ರಗಳು ಎದುರಿಸುವ ಪ್ರಶ್ನೆಗಳು ಸರ್ಕಾರಿ ಕಚೇರಿಗಳಲ್ಲಿ ಮೂರು ದಶಕ ಕಳೆದವನಿಗೆ ಅಪರಿಚಿತವೇನಲ್ಲ. ವಿಶ್ವಸಂಸ್ಥೆಯು 2009ರ ಮಾರ್ಚ್ 17ರಂದು ನ್ಯೂಯಾರ್ಕ್‌ನ ತನ್ನ ಕೇಂದ್ರ ಕಚೇರಿಯಲ್ಲಿ ಈ ಧಾರಾವಾಹಿಯ ನಿರ್ಮಾತೃಗಳನ್ನೂ ಪ್ರಮುಖ ಕಲಾವಿದರನ್ನೂ ಕರೆಸಿ, ಮಾನವ ಹಕ್ಕು ಮತ್ತು ಭಯೋತ್ಪಾದನೆಯಂತಹ ವಿಷಯಗಳ ಬಗ್ಗೆ ಚರ್ಚೆ ಏರ್ಪಡಿಸಿತ್ತೆಂಬುದು ಈ ಮಾತಿಗೆ ಪುಷ್ಟಿ ಕೊಡುತ್ತದೆ.

ಕಥೆಯ ಹಿನ್ನೆಲೆ ಇಷ್ಟು. ಮನುಷ್ಯರು ನೆಲೆಸಿದ್ದ ಹನ್ನೆರಡು ಗ್ರಹಗಳನ್ನು, ಮನುಷ್ಯರೇ ಹಿಂದೊಮ್ಮೆ ಸೃಷ್ಟಿಸಿದ ಸೈಲಾನ್ ಎಂಬ ಯಂತ್ರಜೀವಿಗಳು ಅಣ್ವಸ್ತ್ರಗಳಿಂದ ನಾಶ ಮಾಡುತ್ತವೆ. ಉಳಿದವರು ಸುಮಾರು ಐವತ್ತು ಸಾವಿರ ಮಂದಿ. ಅವರನ್ನು ಹೊತ್ತ ಹತ್ತಾರು ನಾಗರಿಕ ಹಡಗುಗಳು. ಕಾವಲಿಗೆ ನಿವೃತ್ತಿಯ ಅಂಚಿನಲ್ಲಿದ್ದ ಒಂದು ಹಳೆಯ ಯುದ್ಧನೌಕೆ. ಅದರ ನಾಯಕ ವಿಲಿಯಂ ಅಡಾಮ. ಅಧ್ಯಕ್ಷರಾದಿಯಾಗಿ ಇಡೀ ಸಚಿವ ಸಂಪುಟ ಅಳಿದುಹೋಗಿ, ಉತ್ತರಾಧಿಕಾರದ ಪಟ್ಟಿಯಲ್ಲಿ 43ನೆಯ ಸ್ಥಾನದಲ್ಲಿದ್ದ ಶಿಕ್ಷಣ ಸಚಿವೆ ಲಾರಾ ರೋಸ್ಲಿನ್ ಅಧ್ಯಕ್ಷೆಯಾಗುತ್ತಾಳೆ. ಹಿಂದೆ ಶಾಲಾ ಶಿಕ್ಷಕಿಯಾಗಿದ್ದ ಆಕೆಗೆ ಅದೇ ದಿನ ಕ್ಯಾನ್ಸರ್ ಇರುವುದು ಗೊತ್ತಾಗಿರುತ್ತದೆ. ಮೇರಿ ಮೆಕ್‌ಡೊನೆಲ್ ಮತ್ತು ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಈ ಎರಡು ಪಾತ್ರಗಳನ್ನು ನಿರ್ವಹಿಸಿದ ರೀತಿ ಬಹುಕಾಲ ನೆನಪಿನಲ್ಲಿ ಉಳಿಯುವಂಥದು.

ಎರಡನೆಯ ಸರಣಿಯ ಕೊನೆಯಲ್ಲಿ, ಅಂದರೆ 2006ರ ಮಾರ್ಚ್‌ನಲ್ಲಿ ಪ್ರಸಾರವಾದ ಕಂತುಗಳಲ್ಲಿ, ಚುನಾವಣೆ ನಡೆಯುತ್ತದೆ. ರೋಸ್ಲಿನ್‌ಗೆ ಎದುರಾಳಿ ಉಪಾಧ್ಯಕ್ಷ ಗಯಸ್ ಬಾಲ್ಟರ್; ಅಸಾಧಾರಣ ವಿಜ್ಞಾನಿ, ಅಷ್ಟೇ ದುರ್ಬಲ ಮನುಷ್ಯ. ವಾಸಯೋಗ್ಯ ಗ್ರಹವೊಂದು ಆಗಷ್ಟೇ ಕಣ್ಣಿಗೆ ಬಿದ್ದಿರುತ್ತದೆ. ಅಲ್ಲಿ ನೆಲೆಸೋಣ ಎಂದು ಬಾಲ್ಟರ್ ಭರವಸೆ ನೀಡುತ್ತಾನೆ. ಹಾಗೆ ಮಾಡುವುದು ಅಪಾಯವೆಂದು ರೋಸ್ಲಿನ್ ವಾದಿಸುತ್ತಾಳೆ. ತಗಡಿನ ಗೋಡೆಗಳ ನಡುವೆ ತಿಂಗಳುಗಟ್ಟಲೆ ಬದುಕಿದ ಜನ ಮಣ್ಣನ್ನೂ ಆಕಾಶವನ್ನೂ ಆರಿಸಿಕೊಳ್ಳುತ್ತಾರೆ. ಅಧ್ಯಕ್ಷೆಯ ಆಪ್ತ ಸಹಾಯಕಿ ಮತ್ತು ಯುದ್ಧನೌಕೆಯ ಉಪನಾಯಕ ಸೇರಿ ಒಂದು ಹಡಗಿನ ಮತಪತ್ರಗಳನ್ನೇ ಬದಲಾಯಿಸುತ್ತಾರೆ. ಅಧ್ಯಕ್ಷೆಗೆ ಇದು ತಿಳಿಯದ ಸಂಗತಿಯೇನಲ್ಲ. ಫೀಲಿಕ್ಸ್ ಗೇಟಾ ಎಂಬ ಕಿರಿಯ ಅಧಿಕಾರಿ ವ್ಯತ್ಯಾಸವನ್ನು ಪತ್ತೆಹಚ್ಚಿ ಮೇಲಿನವರ ಗಮನಕ್ಕೆ ತರುತ್ತಾನೆ. ಅಡಾಮ ರೋಸ್ಲಿನ್‌ಳನ್ನು ಭೇಟಿಯಾಗಿ, ಜನರ ತೀರ್ಪನ್ನು ಕದಿಯುವುದೋ ಬೇಡವೋ ಎಂದು ನೇರವಾಗಿ ಕೇಳುತ್ತಾನೆ. ಆಕೆ ಹಿಂದೆ ಸರಿಯುತ್ತಾಳೆ. ಬಾಲ್ಟರ್ ಅಧ್ಯಕ್ಷನಾಗುತ್ತಾನೆ. ಒಂದು ವರ್ಷದ ನಂತರ ಸೈಲಾನರು ಆ ಗ್ರಹದ ಮೇಲೆ ಇಳಿಯುತ್ತಾರೆ. ಬಾಲ್ಟರ್ ಶರಣಾಗುತ್ತಾನೆ. ಬಂಧನ, ಚಿತ್ರಹಿಂಸೆ, ಆತ್ಮಾಹುತಿ ದಾಳಿ, ಸಾವು ಎಲ್ಲವೂ ಹಿಂಬಾಲಿಸುತ್ತವೆ.

ನನ್ನ ಮಗನ ವಾದ ಬಹಳಷ್ಟು ವೀಕ್ಷಕರ ವಾದವೂ ಹೌದು: ಅಡಾಮ ಸುಮ್ಮನಿದ್ದಿದ್ದರೆ ಆ ಜನ ಬದುಕಿರುತ್ತಿದ್ದರು; ಒಂದು ಹಡಗಿನ ಮತಪೆಟ್ಟಿಗೆಯ ಪಾವಿತ್ರ್ಯಕ್ಕಾಗಿ ಅಷ್ಟೊಂದು ಜೀವಗಳನ್ನು ಬಲಿ ಕೊಡುವುದು ಯಾವ ನ್ಯಾಯ? ಅರ್ಥಶಾಸ್ತ್ರ ಓದಿದವನಿಗೆ ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಫಲಿತಾಂಶದಿಂದ ನಿರ್ಧಾರವನ್ನು ಅಳೆಯುವುದು ನಮ್ಮ ಶಾಸ್ತ್ರದ ರೂಢಿಯೇ ಆಗಿದೆ. ಆದರೆ ಅದೇ ಶಾಸ್ತ್ರ ಇನ್ನೊಂದು ಪಾಠವನ್ನೂ ಹೇಳಿಕೊಡುತ್ತದೆ: ನಿರ್ಧಾರವನ್ನು ಅಳೆಯಬೇಕಾದುದು ಅದನ್ನು ತೆಗೆದುಕೊಂಡ ಗಳಿಗೆಯಲ್ಲಿ ಲಭ್ಯವಿದ್ದ ಮಾಹಿತಿಯಿಂದ, ನಂತರ ತಿಳಿದುಬಂದುದರಿಂದಲ್ಲ. ರೋಸ್ಲಿನ್‌ಗೆ ಆಗ ಗೊತ್ತಿದ್ದುದೇನು? ವಿನಾಶಕ್ಕೆ ಮುಂಚೆ ಬಾಲ್ಟರ್‌ನನ್ನು ಸೈಲಾನ್ ಹೆಣ್ಣೊಬ್ಬಳ ಜೊತೆ ಕಂಡ ಒಂದು ನೆನಪು. ಅದೂ ಸಾವಿನ ದವಡೆಯಲ್ಲಿದ್ದಾಗ ಮರುಕಳಿಸಿದ್ದು. ಪುರಾವೆಯಾಗಿ ಒಂದು ಚೀಟಿಯೂ ಇರಲಿಲ್ಲ. ಆ ನೆನಪು ನಿಜವೇ ಆಗಿತ್ತು, ಒಪ್ಪೋಣ. ಆದರೆ ಗ್ರಹ ಶತ್ರುಗಳ ಕಣ್ಣಿಗೆ ಬಿದ್ದದ್ದು ಬಾಲ್ಟರ್ ಅವರನ್ನು ಕರೆದುದರಿಂದಲ್ಲ. ಚುನಾವಣೆಯ ಬೆನ್ನಿಗೇ ಹಡಗೊಂದರಲ್ಲಿ ಸಿಡಿದ ಅಣ್ವಸ್ತ್ರದ ವಿಕಿರಣ ದೂರದಲ್ಲಿದ್ದವರಿಗೆ ಗೋಚರಿಸಿದ್ದರಿಂದ. ಆ ಅಸ್ತ್ರವನ್ನು ಕೈದಾಟಿಸಿದವನು ಬಾಲ್ಟರ್‌ನೇ ಎಂಬುದು ಬೇರೆ ಮಾತು. ಅದು ರೋಸ್ಲಿನ್‌ಗೆ ಆಗ ತಿಳಿದಿರಲಿಲ್ಲ. ಅಂದರೆ ಆಕೆಯ ಅನುಮಾನ ಸರಿಯಾಗಿತ್ತು, ಅಪಾಯ ಮಾತ್ರ ಆಕೆ ಊಹಿಸದ ದಾರಿಯಿಂದ ಬಂತು. ತನ್ನ ಅನುಮಾನವೇ ಪ್ರಮಾಣವೆಂದು ನಂಬಿ ಮತಪೆಟ್ಟಿಗೆಗೆ ಕೈಹಾಕುವವರಲ್ಲಿ ಎಷ್ಟು ಮಂದಿಯ ಅನುಮಾನ ಅಷ್ಟು ಮಟ್ಟಿಗಾದರೂ ಸರಿಯಿರುತ್ತದೆ?

ಹಾಗೆಂದು, ಕಠಿಣ ನಿರ್ಧಾರಗಳನ್ನು ಯಾರೂ ತೆಗೆದುಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಇದೇ ರೋಸ್ಲಿನ್ ಆರಂಭದಲ್ಲೇ ಅದಕ್ಕಿಂತ ಕ್ರೂರವಾದ ಎರಡು ನಿರ್ಧಾರಗಳನ್ನು ತೆಗೆದುಕೊಂಡಿದ್ದಾಳೆ. ಬೆಳಕಿಗಿಂತ ವೇಗವಾಗಿ ಚಲಿಸುವ ಸಾಮರ್ಥ್ಯವಿಲ್ಲದ ಹಡಗುಗಳನ್ನು, ಒಳಗಿದ್ದ ಜನರೊಂದಿಗೆ, ಶತ್ರುಗಳ ಬಾಯಿಗೆ ಬಿಟ್ಟು ಹೊರಡುವ ಆದೇಶ ಆಕೆಯದು. ಆ ಹಡಗುಗಳಲ್ಲೊಂದರಲ್ಲಿ ಸ್ವಲ್ಪ ಮುಂಚೆ ತಾನು ಮಾತನಾಡಿಸಿದ ಪುಟ್ಟ ಹುಡುಗಿಯೊಬ್ಬಳಿರುತ್ತಾಳೆ. ಮೊದಲ ಸರಣಿಯ ಮೊದಲ ಕಂತಾದ ‘33’ರಲ್ಲಿ, ಪ್ರತಿ 33 ನಿಮಿಷಕ್ಕೊಮ್ಮೆ ದಾಳಿ ನಡೆದು ಐದು ದಿನಗಳಿಂದ ಯಾರಿಗೂ ನಿದ್ದೆಯಿಲ್ಲದಿರುವಾಗ, ಶತ್ರುಗಳಿಗೆ ಜಾಡು ತೋರಿಸುತ್ತಿದೆಯೆಂಬ ಶಂಕೆಯ ಮೇಲೆ 1,345 ಪ್ರಯಾಣಿಕರ ಹಡಗೊಂದನ್ನು ಹೊಡೆದುರುಳಿಸಲು ಒಪ್ಪಿಗೆ ಕೊಡುವವಳೂ ಆಕೆಯೇ. ಬದುಕುಳಿದವರ ಲೆಕ್ಕವನ್ನು ಬಿಳಿಯ ಫಲಕವೊಂದರ ಮೇಲೆ ಆಕೆ ಸ್ವತಃ ತಿದ್ದುತ್ತಾಳೆ. ಆ ಕಂತಿನ ಕೊನೆಯಲ್ಲಿ ಮಗುವೊಂದು ಹುಟ್ಟಿದ ಸುದ್ದಿ ಬಂದಾಗ ಒಂದನ್ನು ಕೂಡಿಸಿ 47,973 ಎಂದು ಬರೆಯುತ್ತಾಳೆ. ಜನಗಣತಿಯ ಅಂಕಿಯೊಂದನ್ನು ನೋಡಿ ನನ್ನ ಕಣ್ಣು ತೇವಗೊಂಡದ್ದು ಅದೇ ಮೊದಲು.

ಈ ಎರಡು ನಿರ್ಧಾರಗಳಿಗೂ ಚುನಾವಣೆಯ ಅಕ್ರಮಕ್ಕೂ ಇರುವ ವ್ಯತ್ಯಾಸವೇನು? ನಮ್ಮ ಆಡಳಿತದಲ್ಲಿ ಇದಕ್ಕೊಂದು ಸರಳ ಪರೀಕ್ಷೆಯಿದೆ. ಸೇವೆಗೆ ಸೇರಿದ ಹೊಸದರಲ್ಲಿ ಹಿರಿಯ ಅಧಿಕಾರಿಯೊಬ್ಬರು ನನಗೆ ಹೇಳಿದ್ದರು: ‘ಕಡತದ ಟಿಪ್ಪಣಿ ಹಾಳೆಯಲ್ಲಿ ಕಾರಣ ಸಹಿತ ಬರೆದು, ಕೆಳಗೆ ಸಹಿ ಮಾಡಲು ಯಾವ ಆದೇಶಕ್ಕೆ ನಿನ್ನ ಕೈ ಹಿಂಜರಿಯುತ್ತದೋ, ಆ ಆದೇಶವನ್ನು ಮಾಡಬೇಡ.’ ಹಡಗುಗಳನ್ನು ಬಿಟ್ಟು ಹೊರಟ ನಿರ್ಧಾರವನ್ನು ಕಡತದಲ್ಲಿ ಬರೆಯಬಹುದು. ಕಾರಣ ಇದು, ಪರ್ಯಾಯ ಇಲ್ಲ, ಹೊಣೆ ನನ್ನದು ಎನ್ನಬಹುದು. ನಾಳೆ ಯಾರಾದರೂ ಪ್ರಶ್ನಿಸಿದರೆ ಉತ್ತರಿಸಬಹುದು. ತಪ್ಪೆಂದು ಕಂಡರೆ ಜನ ಅಧಿಕಾರದಿಂದ ಇಳಿಸಬಹುದು. ಮತಪತ್ರ ಬದಲಿಸಿದ್ದನ್ನು ಯಾವ ಕಡತದಲ್ಲಿ ಬರೆಯುವುದು? ಬರೆದರೆ ಅದರ ಉದ್ದೇಶವೇ ಕೆಡುತ್ತದೆ. ಗುಟ್ಟಾಗಿದ್ದರೆ ಮಾತ್ರ ಫಲ ಕೊಡುವ ಇಂಥ ನಿರ್ಧಾರದಲ್ಲಿ, ಅದರ ಬೆಲೆಯನ್ನು ಕಟ್ಟುವವರಿಗೆ ತಾವು ಕಟ್ಟುತ್ತಿರುವುದೇ ಗೊತ್ತಿರುವುದಿಲ್ಲ. ಬಾಲ್ಟರ್‌ನ ಬಗ್ಗೆ ತನಗಿದ್ದ ಶಂಕೆಯನ್ನು ಜನರ ಮುಂದಿಟ್ಟು, ನಂಬುವುದು ಬಿಡುವುದು ನಿಮಗೆ ಸೇರಿದ್ದು ಎಂದಿದ್ದರೆ ಆಕೆ ಸೋಲಬಹುದಿತ್ತು, ನಗೆಪಾಟಲಿಗೂ ಈಡಾಗಬಹುದಿತ್ತು. ಆದರೂ ಅದೊಂದೇ ನೇರ ದಾರಿಯಾಗಿತ್ತು. ಮಾಹಿತಿಯನ್ನು ತನ್ನಲ್ಲೇ ಬಚ್ಚಿಟ್ಟುಕೊಂಡು, ಮಾಹಿತಿಯಿಲ್ಲದ ಜನ ತಪ್ಪಾಗಿ ಆರಿಸಿದರೆಂದು ಅವರ ಮತವನ್ನು ತಿದ್ದುವುದು ನ್ಯಾಯವಲ್ಲ.

ಮತಪತ್ರಗಳ ಕಾಲದಲ್ಲಿ ಎಣಿಕೆ ಕೇಂದ್ರಗಳಲ್ಲಿ ಹಲವು ರಾತ್ರಿಗಳನ್ನು ಕಳೆದವನು ನಾನು. ಮತಗಟ್ಟೆಯಿಂದ ಬಂದ ಲೆಕ್ಕಕ್ಕೂ ಪೆಟ್ಟಿಗೆಯಲ್ಲಿ ಸಿಕ್ಕ ಮತಪತ್ರಗಳಿಗೂ ತಾಳೆಯಾಗದಿದ್ದರೆ, ಅಂತರ ಎರಡೇ ಮತಗಳದಾಗಿದ್ದರೂ ಮೇಜಿನ ಸುತ್ತ ಮೌನ ಆವರಿಸುತ್ತಿತ್ತು. ಯಾರು ಗೆದ್ದರೆ ನಾಡಿಗೆ ಒಳಿತು ಎಂಬ ಬಗ್ಗೆ ಆ ಮೇಜಿನ ಸುತ್ತ ಇದ್ದ ನಮಗೆಲ್ಲ ಅಭಿಪ್ರಾಯಗಳಿದ್ದವು. ನಾವೂ ಮತದಾರರೇ ಅಲ್ಲವೇ? ಎಣಿಸುವವನ ಅಭಿಪ್ರಾಯಕ್ಕೆ ಎಣಿಕೆಯಲ್ಲಿ ಜಾಗವಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಹೊರಗೆ ಕಾಯುತ್ತಿದ್ದ ಸೋತ ಅಭ್ಯರ್ಥಿಯ ಬೆಂಬಲಿಗರೂ ಬೆಳಗಿನ ಜಾವ ಮನೆಗೆ ಮರಳುತ್ತಿದ್ದರು. ಆ ನಂಬಿಕೆ ಒಮ್ಮೆ ಹೋದರೆ ಮುಂದಿನ ಸಲ ಅವರು ಮನೆಗೆ ಹೋಗುವುದಿಲ್ಲ.

ಆದ್ದರಿಂದಲೇ ನನ್ನ ಮನಸ್ಸನ್ನು ಹೆಚ್ಚು ಕಾಡಿದ ಪಾತ್ರ ಗೇಟಾನದು. ಲೆಕ್ಕ ತಪ್ಪಿದೆ ಎಂದು ಹೇಳಿದ್ದು ಬಿಟ್ಟರೆ ಅವನು ಮಾಡಿದ ಅಪರಾಧವೇನೂ ಇಲ್ಲ. ಹೊಸ ಅಧ್ಯಕ್ಷನ ಕಚೇರಿಯಲ್ಲಿ ಅವನು ಸೇವೆಗೆ ನಿಲ್ಲುತ್ತಾನೆ. ಶತ್ರುಗಳ ಆಳ್ವಿಕೆ ಬಂದಾಗ ಅದೇ ಕುರ್ಚಿಯಲ್ಲಿ ಕುಳಿತು ಗುಟ್ಟಾಗಿ ಪ್ರತಿರೋಧ ಪಡೆಗೆ ಮಾಹಿತಿ ಒದಗಿಸುತ್ತಾನೆ. ಬಿಡುಗಡೆಯ ನಂತರ ಅವನಿಗೆ ಸಿಗುವ ಬಹುಮಾನವೆಂದರೆ ಶತ್ರುಗಳ ಸಹಚರನೆಂಬ ಆರೋಪ. ರಹಸ್ಯ ನ್ಯಾಯಮಂಡಳಿಯೊಂದು ಅವನಿಗೆ ಮರಣದಂಡನೆ ವಿಧಿಸುತ್ತದೆ. ಕೊನೆಯ ಗಳಿಗೆಯಲ್ಲಿ ಸತ್ಯ ಹೊರಬಿದ್ದು ಪಾರಾಗುತ್ತಾನೆ. ಮತ್ತೆ ಅಧ್ಯಕ್ಷೆಯಾದ ರೋಸ್ಲಿನ್ ಎಲ್ಲರಿಗೂ ಕ್ಷಮಾದಾನ ಘೋಷಿಸುತ್ತಾಳೆ. ಇತ್ತ, ಮತಪತ್ರ ಬದಲಿಸಿದವರ ಮೇಲೆ ಯಾವ ವಿಚಾರಣೆಯೂ ನಡೆಯುವುದೇ ಇಲ್ಲ; ಅವರು ತಂತಮ್ಮ ಹುದ್ದೆಗಳಲ್ಲಿ ಮುಂದುವರಿಯುತ್ತಾರೆ. ಅಡಾಮನ ಬಗ್ಗೆ ನನಗಿರುವ ಆಕ್ಷೇಪ ಇಲ್ಲಿದೆ. ಅವನು ಚುನಾವಣೆಯನ್ನು ಉಳಿಸಿದ, ನಿಜ. ಆದರೆ ಅಕ್ರಮವನ್ನು ಬಯಲು ಮಾಡದೆ ಮುಚ್ಚಿದ. ಮಿತ್ರರ ತಪ್ಪನ್ನು ಖಾಸಗಿ ಮಾತುಕತೆಯಲ್ಲಿ ತಿದ್ದುವುದು ಸ್ನೇಹದ ಧರ್ಮವಿರಬಹುದು, ಆಡಳಿತದ ಧರ್ಮವಲ್ಲ. ಅವನ ಆ ನಿರ್ಧಾರವೂ ಕಡತದ ಪರೀಕ್ಷೆಯಲ್ಲಿ ಸೋಲುತ್ತದೆ.

ಅದರ ಪರಿಣಾಮವನ್ನು 2009ರ ಆರಂಭದ ಕಂತುಗಳಲ್ಲಿ ಕಾಣಬಹುದು. ಕಾಲು ಕಳೆದುಕೊಂಡು, ನಂಬಿಕೆಯನ್ನೂ ಕಳೆದುಕೊಂಡ ಗೇಟಾ ದಂಗೆಯ ನಾಯಕತ್ವ ವಹಿಸುತ್ತಾನೆ. ವಿಫಲನಾಗಿ ಗುಂಡಿಗೆ ಬಲಿಯಾಗುತ್ತಾನೆ. ಅವನು ಮಾಡಿದ್ದನ್ನು ನಾನು ಸಮರ್ಥಿಸಲಾರೆ. ಒಂದು ಕಾಲಕ್ಕೆ ಸರಿಯಾದ ಲೆಕ್ಕ ಒಪ್ಪಿಸಿದವನಿಗೆ ಮುಂದೆ ಕೋವಿ ಹಿಡಿಯುವ ಹಕ್ಕು ಬರುವುದಿಲ್ಲ. ಆದರೆ ಪ್ರಾಮಾಣಿಕ ಕಿರಿಯ ಅಧಿಕಾರಿಯೊಬ್ಬ, ಮೇಲಿನವರಿಗೆ ಒಂದು ನಿಯಮ ಕೆಳಗಿನವರಿಗೆ ಇನ್ನೊಂದು ಎಂಬುದನ್ನು ವರ್ಷಾನುಗಟ್ಟಲೆ ಕಂಡು ಹೇಗೆ ಒಳಗಿಂದೊಳಗೆ ಸುಡುತ್ತಾನೆಂಬುದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಚಿತ್ರಣವನ್ನು ನಾನು ಹೆಚ್ಚು ಕಂಡಿಲ್ಲ. ಅವನ ಸಾವಿನ ದೃಶ್ಯದಲ್ಲಿ ನನಗೆ ನೆನಪಾದುದು ಹಿಂದಿನ ಆ ಎಣಿಕೆಯ ಕೋಣೆ.

ಧಾರಾವಾಹಿಯ ಮುಕ್ತಾಯದ ಬಗ್ಗೆಯೂ ಒಂದು ಮಾತು ಹೇಳಬೇಕು. ಕೊನೆಗೆ ಭೂಮಿಯನ್ನು ತಲುಪಿದ ಜನ ತಮ್ಮ ಹಡಗುಗಳನ್ನು ಸೂರ್ಯನತ್ತ ಕಳಿಸಿ, ಯಂತ್ರಗಳನ್ನೆಲ್ಲ ತ್ಯಜಿಸಿ, ಬರಿಗೈಯಲ್ಲಿ ಖಂಡಖಂಡಗಳಿಗೆ ಚದುರಿಹೋಗುತ್ತಾರೆ. ಅನೇಕರಿಗೆ ಇದು ಕಾವ್ಯಮಯವಾಗಿ ಕಂಡಿದೆ. ನನಗೆ ಕಂಡದ್ದು ಔಷಧಿ, ಉಪಕರಣ, ಸಲಕರಣೆಗಳಿಲ್ಲದೆ ಮೊದಲ ಚಳಿಗಾಲವನ್ನು ಎದುರಿಸಲಿರುವ ಬಾಣಂತಿಯರು ಮತ್ತು ಮಕ್ಕಳು. ಒಂದು ಹಡಗಿನ ಮತಗಳಿಗಾಗಿ ಅಷ್ಟು ತಲೆಕೆಡಿಸಿಕೊಂಡ ಕಥೆ, ಇಡೀ ಜನಾಂಗದ ಹಣೆಬರಹವನ್ನು ನಾಲ್ಕಾರು ಮಂದಿಯ ಮಾತುಕತೆಯಲ್ಲಿ ತೀರ್ಮಾನಿಸಿ ಮುಗಿಸಿತು. ಜನರೆಲ್ಲ ಒಪ್ಪಿದರೆಂದು ಒಂದು ಮಾತಿನಲ್ಲಿ ಹೇಳಲಾಯಿತು. ಎಣಿಕೆಯ ಕಾಗದ ಮಾತ್ರ ನಮಗೆ ಕಾಣಿಸಲಿಲ್ಲ.

ಮಗನ ಪ್ರಶ್ನೆಗೆ ಮರುದಿನ ನಾನು ಉತ್ತರ ಕೊಟ್ಟೆ. ಅಡಾಮನಂತೆ ನಾನೂ ಮತಪತ್ರಗಳ ಅಕ್ರಮವನ್ನು ತಡೆಯುತ್ತಿದ್ದೆ. ಅವನಂತಲ್ಲದೆ ಅದನ್ನು ಬರೆದಿಡುತ್ತಿದ್ದೆ. ‘ಹಾಗಾದರೆ ಸತ್ತವರಿಗೆ ಏನು ಹೇಳುತ್ತಿದ್ದಿರಿ?’ ಎಂದ. ಅವರಿಗೆ ಹೇಳುವಂಥದು ನನ್ನಲ್ಲಿ ಏನೂ ಇಲ್ಲ ಎಂದೆ. ಸರಿಯಾದ ನಿರ್ಧಾರಕ್ಕೂ ಬೆಲೆಯಿರುತ್ತದೆ, ಒಮ್ಮೊಮ್ಮೆ ಅದನ್ನು ಕಟ್ಟುವವರು ಬೇರೆಯವರೇ ಆಗಿರುತ್ತಾರೆ. ಇದನ್ನು ಮರೆಮಾಚದೆ ಒಪ್ಪಿಕೊಳ್ಳುವುದು ಅಧಿಕಾರದಲ್ಲಿರುವವರು ಮಾಡಬಹುದಾದ ಕನಿಷ್ಠ ಕರ್ತವ್ಯ. ರೋಸ್ಲಿನ್‌ಳ ಫಲಕದ ಮೇಲಿನ ಸಂಖ್ಯೆ ಆ ಕೆಲಸವನ್ನು ಮಾಡುತ್ತಿತ್ತು. ಅದನ್ನು ತಿದ್ದುವಾಗ ಆಕೆ ಒಮ್ಮೆಯೂ ಸುಳ್ಳು ಬರೆಯಲಿಲ್ಲ. ಅದೇ ನಿಷ್ಠೆಯನ್ನು ಮತಗಳ ಲೆಕ್ಕಕ್ಕೂ ತೋರಿದ್ದರೆ, ಆ ಒಂದು ರಾತ್ರಿ ಅಡಾಮ ಆಕೆಯ ಬಾಗಿಲು ತಟ್ಟಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ.